ಹಿಟ್ಟಿನ ಕೋಳಿಯೂ ‘ಸಸ್ಯಾಹಾರಿ’ ರಕ್ತಪಿಶಾಚಿಗಳೂ

ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಕಾದಂಬರಿ 2005ರಲ್ಲಿ ಪ್ರಕಟವಾಯಿತು. ಹದಿಹರೆಯದ ಓದುಗರನ್ನು ಜಗತ್ತಿನಾದ್ಯಂತ ಸೆರೆಹಿಡಿದ ಆ ಕೃತಿಯಲ್ಲಿ ಕಲನ್ ಎಂಬ ಒಂದು ಕುಟುಂಬವಿದೆ. ಅವರು ಅಪಾರ ಸಿರಿವಂತರು, ಅಸಾಧಾರಣ ಚೆಲುವರು. ಆ ಮನೆಯ ಎಳೆಯರು ಬೆಲೆಬಾಳುವ ಕಾರುಗಳಲ್ಲಿ ಶಾಲೆಗೆ ಬರುತ್ತಾರೆ. ಅವರೆಲ್ಲರೂ ರಕ್ತಪಿಶಾಚಿಗಳು. ಕಥಾನಾಯಕ ಎಡ್ವರ್ಡ್ 1918ರ ಇನ್‌ಫ್ಲುಯೆಂಜಾ ಮಾರಿಯಲ್ಲಿ ಸಾಯಬೇಕಾಗಿದ್ದವನು. ಅಂದಿನಿಂದ ಹದಿನೇಳರ ಪ್ರಾಯದಲ್ಲಿಯೇ ನಿಂತುಬಿಟ್ಟವನು. ಮನುಷ್ಯರ ರಕ್ತವನ್ನು ವರ್ಜಿಸಿ ಕಾಡುಪ್ರಾಣಿಗಳ ರಕ್ತದಿಂದ ಮಾತ್ರ ಜೀವಿಸುವ ಈ ಕುಟುಂಬ ತನ್ನನ್ನು ಪರಿಹಾಸದಿಂದ ‘ಸಸ್ಯಾಹಾರಿ’ ಎಂದು ಕರೆದುಕೊಳ್ಳುತ್ತದೆ.

ಜನ್ನನನ್ನು ಓದಿದ ಕನ್ನಡಿಗನು ಈ ಒಂದು ಪದದ ಬಳಿ ತಡೆದು ನಿಲ್ಲುತ್ತಾನೆ. ಏಕೆಂದರೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿದುದೂ ಹಿಂಸೆಯೇ ಎಂದು ಸಾರುವ ಕಾವ್ಯವೊಂದು 1209ರಲ್ಲಿಯೇ ಕನ್ನಡದಲ್ಲಿ ರಚಿತವಾಗಿದೆ. ಜಿಂಕೆಯ ರಕ್ತ ಕುಡಿಯುವುದು ಸಸ್ಯಾಹಾರವೆನಿಸುವ ಲೋಕಕ್ಕೂ ಹಿಟ್ಟಿನ ಕೋಳಿಯ ಕೊಲೆ ಜನ್ಮಾಂತರಗಳವರೆಗೆ ಬೆನ್ನಟ್ಟುವ ಲೋಕಕ್ಕೂ ನಡುವಿನ ಅಂತರ ಎಷ್ಟು, ಅದು ಯಾವ ಬಗೆಯದು ಎಂಬುದು ವಿಚಾರಾರ್ಹ.

ಮೊದಲಿಗೆ ರಕ್ತಪಿಶಾಚಿಯ ಚರಿತ್ರೆಯನ್ನು ಗಮನಿಸಬೇಕು. ಯುರೋಪಿನ ಈ ಪಿಶಾಚಿ ಹುಟ್ಟಿನಿಂದ ಸಿರಿವಂತನಲ್ಲ. 1725 ಮತ್ತು 1732ರಲ್ಲಿ ಹ್ಯಾಬ್ಸ್‌ಬರ್ಗ್ ಆಡಳಿತದ ಅಧಿಕಾರಿಗಳು ಸರ್ಬಿಯಾದ ಹಳ್ಳಿಗಳಿಂದ ಕಳುಹಿಸಿದ ವರದಿಗಳಲ್ಲಿ ಕಾಣಿಸಿಕೊಳ್ಳುವವನು ಬಡ ರೈತ. ಗೋರಿಯಲ್ಲಿ ಉಬ್ಬಿದ, ಬಾಯಲ್ಲಿ ರಕ್ತ ಒಸರುವ ಆ ಹೆಣವನ್ನು ಕಂಡು ಊರವರು ಭಯಪಟ್ಟರು. ಅದರಲ್ಲಿ ಚೆಲುವಿನ ಮಾತೇ ಇರಲಿಲ್ಲ. ಅವನಿಗೆ ಪ್ರಭುವಿನ ವೇಷ ತೊಡಿಸಿದ್ದು ಸಾಹಿತ್ಯ. ಜಾನ್ ಪೊಲಿಡೋರಿಯ 1819ರ ಕಥೆಯಲ್ಲಿ ಅವನು ಲಾರ್ಡ್ ರುತ್ವೆನ್ ಆದನು, ಶೆರಿಡನ್ ಲೆ ಫಾನುವಿನ 1872ರ ‘ಕಾರ್ಮಿಲ್ಲಾ’ದಲ್ಲಿ ಉಚ್ಚಕುಲದ ತರುಣಿಯಾದನು, ಬ್ರಾಮ್ ಸ್ಟೋಕರನ 1897ರ ಕೃತಿಯಲ್ಲಿ ಕೌಂಟ್ ಡ್ರಾಕುಲಾ ಆದನು. ಹಳ್ಳಿಯ ಹೆಣ ಕೋಟೆಯ ದೊರೆಯಾದಾಗ ರಕ್ತ ಹೀರುವುದಕ್ಕೆ ಹೊಸದೊಂದು ಅರ್ಥ ಬಂದಿತು: ದುಡಿಯದೆ ಉಣ್ಣುವ ಪ್ರಭುವರ್ಗ ಇನ್ನೊಬ್ಬರ ಪ್ರಾಣದ ಮೇಲೆ ಬದುಕುತ್ತದೆ ಎಂಬ ಸೂಚನೆ ಅದರಲ್ಲಿತ್ತು. 1991ರಲ್ಲಿ ಆರಂಭವಾದ ಎಲ್. ಜೆ. ಸ್ಮಿತ್ ಅವರ ‘ದಿ ವ್ಯಾಂಪೈರ್ ಡೈರೀಸ್’ ಮಾಲೆ, 2006ರಲ್ಲಿ ಬಂದ ಮೆಲಿಸ್ಸಾ ಡಿ ಲಾ ಕ್ರೂಜ್ ಅವರ ‘ಬ್ಲೂ ಬ್ಲಡ್ಸ್’ ಮೊದಲಾದ ಕೃತಿಗಳಲ್ಲಿ ಆ ದೊರೆಯೇ ಶಾಲಾಬಾಲಕನಾದನು, ಪ್ರಿಯಕರನಾದನು. ಸಂಪತ್ತು ಉಳಿಯಿತು, ಸಂಪತ್ತಿನ ಮೇಲಿದ್ದ ಟೀಕೆ ಕರಗಿತು.

ಭಾರತೀಯ ಕಥಾಪರಂಪರೆ ಈ ಚರಿತ್ರೆಯನ್ನು ಸೇರಿದ್ದು ಒಂದು ಅನುವಾದದ ಮೂಲಕ. ರಿಚರ್ಡ್ ಬರ್ಟನ್ 1870ರಲ್ಲಿ ಬೇತಾಳನ ಕಥೆಗಳನ್ನು ‘ವಿಕ್ರಮ್ ಅಂಡ್ ದಿ ವ್ಯಾಂಪೈರ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದನು. ಬೇತಾಳ ಎಂಬುದಕ್ಕೆ ‘ವ್ಯಾಂಪೈರ್’ ಎಂಬ ಪದ ಅಂದಿನಿಂದ ಅಂಟಿಕೊಂಡಿತು. ಆದರೆ ‘ಚಂದಮಾಮ’ ಓದಿ ಬೆಳೆದ ತಲೆಮಾರಿಗೆ ಗೊತ್ತಿರುವಂತೆ ಬೇತಾಳನು ಹೆಣದೊಳಗೆ ಸೇರಿ ಕಥೆ ಹೇಳುವವನು, ಧರ್ಮಸೂಕ್ಷ್ಮದ ಪ್ರಶ್ನೆ ಕೇಳುವವನು. ಮೂಲಕಥೆಯ ಕೊನೆಯಲ್ಲಿ ರಾಜನನ್ನೇ ಬಲಿಕೊಡಲು ಹೊಂಚುಹಾಕಿದ ಯೋಗಿಯ ಕಪಟವನ್ನು ಬಯಲು ಮಾಡಿ ರಾಜನ ಪ್ರಾಣ ಉಳಿಸುವವನೂ ಅವನೇ. ಇಲ್ಲಿ ರಕ್ತದ ಬಯಕೆ ಇರುವುದು ಮನುಷ್ಯನಿಗೆ, ಪಿಶಾಚಿಗಲ್ಲ.

ಜೈನ ಚಿಂತನೆ ಈ ಮಾತನ್ನು ಸಿದ್ಧಾಂತದ ಮಟ್ಟದಲ್ಲಿಯೇ ಹೇಳುತ್ತದೆ. ಹಳಗನ್ನಡದ ‘ಬೆಂತರ’ ಎಂಬುದು ‘ವ್ಯಂತರ’ ಶಬ್ದದ ತದ್ಭವ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ವ್ಯಂತರದೇವರಲ್ಲಿ ಎಂಟು ಬಗೆಗಳನ್ನು ಎಣಿಸುತ್ತದೆ. ಯಕ್ಷ, ರಾಕ್ಷಸ, ಭೂತ, ಪಿಶಾಚರು ಅವುಗಳಲ್ಲಿ ಸೇರುತ್ತಾರೆ. ದೇವಗತಿಯ ಈ ಜೀವಿಗಳು ಮನುಷ್ಯರಂತೆ ತುತ್ತು ಉಣ್ಣುವವರಲ್ಲ, ಅವರದು ಮಾನಸಿಕ ಆಹಾರ. ಕನ್ನಡನಾಡಿನ ಆಚಾರ್ಯ ಪೂಜ್ಯಪಾದನು ‘ಸರ್ವಾರ್ಥಸಿದ್ಧಿ’ಯಲ್ಲಿ, ದೇವತೆಗಳು ಮದ್ಯಮಾಂಸಗಳನ್ನು ಸೇವಿಸುತ್ತಾರೆಂದು ಸಾರುವುದು ದೇವತೆಗಳ ಅವರ್ಣವಾದ, ಅಂದರೆ ಇಲ್ಲದ ದೋಷವನ್ನು ಅವರ ಮೇಲೆ ಹೊರಿಸುವುದು ಎಂದು ವಿವರಿಸುತ್ತಾನೆ. ಬಲಿಯನ್ನು ವಿರೋಧಿಸುವ ಜೈನ ಕಥೆಗಳನ್ನು ದೇವತೆಯ ನಿಂದೆಯೆಂದು ಭಾವಿಸುವವರು ಈ ಮಾತನ್ನು ಗಮನಿಸಬೇಕು. ಅಲ್ಲಿ ಆಕ್ಷೇಪ ದೇವತೆಯ ಮೇಲಿಲ್ಲ. ತನ್ನ ನಾಲಗೆಯ ಮತ್ತು ಭಯದ ಬಯಕೆಯನ್ನು ದೇವತೆಯ ಹೆಸರಿಗೆ ಬರೆಯುವ ಮನುಷ್ಯನ ಮೇಲಿದೆ.

ಈ ಹಿನ್ನೆಲೆಯಲ್ಲಿ ಯಶೋಧರನ ಕಥೆಯನ್ನು ನೋಡಬಹುದು. ಸೋಮದೇವಸೂರಿಯ ‘ಯಶಸ್ತಿಲಕ’ (959), ಪುಷ್ಪದಂತನ ಅಪಭ್ರಂಶ ಕಾವ್ಯ, ವಾದಿರಾಜನ ಸಂಸ್ಕೃತ ಕಾವ್ಯ ಇವುಗಳಲ್ಲಿ ಬೆಳೆದುಬಂದ ಈ ಕಥೆಯನ್ನು ಹೊಯ್ಸಳ ವೀರಬಲ್ಲಾಳನ ಕಾಲದ ಕವಿಚಕ್ರವರ್ತಿ ಜನ್ನನು ನಾಲ್ಕು ಅವತಾರಗಳಲ್ಲಿ, ಬಹುಮಟ್ಟಿಗೆ ಕಂದಪದ್ಯಗಳಲ್ಲಿ ಹೇಳಿದನು. ಕಾವ್ಯ ತೆರೆಯುವುದು ಬಲಿಯ ಸನ್ನಾಹದಲ್ಲಿ. ಚಂಡಮಾರಿಗೆ ಬಲಿಕೊಡಲು ಮಾರಿದತ್ತ ರಾಜನು ಪ್ರಾಣಿಗಳನ್ನು ಕೂಡಿಹಾಕಿದ್ದಾನೆ. ನರಬಲಿಗೆ ಒಂದು ಜೋಡಿ ಬೇಕಾಗಿದೆ. ತಳವಾರನು ಹಿಡಿದು ತಂದವರು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರು. ಅವರು ರಾಜಕುಮಾರರು, ಚೆಲುವರು. ಅರಮನೆಯನ್ನು ತೊರೆದು ಸುದತ್ತಮುನಿಯ ಸಂಘದೊಡನೆ ಬಂದವರು. ಕತ್ತಿಯ ಮುಂದೆಯೂ ಅವರು ಅಳುಕುವುದಿಲ್ಲ. ಬೆರಗಾದ ರಾಜನು ಕೇಳಿದಾಗ ಅಭಯರುಚಿ ತಮ್ಮ ಭವಾವಳಿಯನ್ನು ಹೇಳುತ್ತಾನೆ.

ಉಜ್ಜಯಿನಿಯ ರಾಜ ಯಶೋಧರನು ತನ್ನ ಪತ್ನಿ ಅಮೃತಮತಿ ಮಾವಟಿಗನಿಗೆ ಒಲಿದುದನ್ನು ಕಣ್ಣಾರೆ ಕಂಡು, ಕೊಲ್ಲಲು ಎತ್ತಿದ ಕೈಯನ್ನು ಹಿಂತೆಗೆದುಕೊಳ್ಳುತ್ತಾನೆ. ಮರುದಿನ ತಾಯಿ ಚಂದ್ರಮತಿಗೆ ಅದನ್ನು ಕೆಟ್ಟ ಕನಸೆಂದು ಮರೆಮಾಚಿ ಹೇಳುತ್ತಾನೆ. ಕನಸಿನ ಶಾಂತಿಗೆ ಬಲಿಯಾಗಬೇಕೆಂದು ತಾಯಿ, ಆಗದೆಂದು ಮಗ. ಕೊನೆಗೆ ಒಪ್ಪಂದವಾಗಿ ಬಂದದ್ದು ಹಿಟ್ಟಿನ ಕೋಳಿ. ಕಡಿದಾಗ ಬೆಂತರ ಹೊಕ್ಕ ಆ ಕೋಳಿ ಕೂಗುತ್ತದೆ. ರಾಜನಿಗೆ ತಾನು ಮಾಡಿದ್ದೇನೆಂಬುದು ಹೊಳೆಯುತ್ತದೆ. ಆ ಬಳಿಕ ಅಮೃತಮತಿ ಇಟ್ಟ ವಿಷದಿಂದ ತಾಯಿಮಕ್ಕಳಿಬ್ಬರೂ ಸತ್ತು ನವಿಲು, ನಾಯಿ, ಮೀನು, ಆಡು, ಕೋಳಿ ಮುಂತಾದ ಜನ್ಮಗಳನ್ನು ಸುತ್ತಿ, ತಮ್ಮವರ ಕೈಯಲ್ಲಿಯೇ ಕೊಲೆಗೊಂಡು, ಕೊನೆಗೆ ಯಶೋಧರನ ಮಗ ಯಶೋಮತಿಗೇ ಮಕ್ಕಳಾಗಿ ಹುಟ್ಟುತ್ತಾರೆ. ಆ ಮಕ್ಕಳೇ ಈಗ ಮಾರಿದತ್ತನ ಮುಂದೆ ನಿಂತಿರುವವರು. ಕಥೆ ಕೇಳಿದ ರಾಜನು ಬಲಿಯನ್ನು ಬಿಟ್ಟು ವಿರಕ್ತನಾಗುತ್ತಾನೆ.

ಎಡ್ವರ್ಡ್ ಮತ್ತು ಅಭಯರುಚಿ ಇಬ್ಬರೂ ಸಿರಿವಂತ ಮನೆಯ ಚೆಲುವ ಎಳೆಯರು. ಇಬ್ಬರೂ ಸಾವನ್ನು ಹಾದುಬಂದವರು. ಇಬ್ಬರಿಗೂ ವಯಸ್ಸಿಗೆ ಮೀರಿದ ನೆನಪಿನ ಭಾರವಿದೆ. ಆದರೆ ಒಬ್ಬನು ಸಾಯಲಾರದ ದೇಹ, ಇನ್ನೊಬ್ಬನು ಮತ್ತೆಮತ್ತೆ ಸತ್ತ ಜೀವ. ಒಬ್ಬನು ಬೇಟೆಯಾಡುವವನಾಗಿಯೇ ಪ್ರಾಣಿಗಳನ್ನು ಬಲ್ಲ. ಇನ್ನೊಬ್ಬನು ಬಲಿಗೆ ಬಿದ್ದ ಪ್ರಾಣಿಯೇ ಆಗಿದ್ದವನು. ಆಡಿನ ನೋವನ್ನು ಆಡಾಗಿ ಅನುಭವಿಸಿದವನ ಬಾಯಲ್ಲಿ ‘ಪ್ರಾಣಿಯ ರಕ್ತವಾದರೆ ಅಡ್ಡಿಯಿಲ್ಲ’ ಎಂಬ ಮಾತು ಬರಲಾರದು. ಜನ್ನನ ಕಾವ್ಯದ ತರ್ಕವೆಲ್ಲ ನಿಂತಿರುವುದು ಈ ಕಥನಸ್ಥಾನದ ಮೇಲೆ.

ಹಾಗೆಂದು ಕಲನ್ ಕುಟುಂಬದ ಸಂಯಮವನ್ನು ಜೈನ ದೃಷ್ಟಿ ಪೂರ್ಣವಾಗಿ ಅಲ್ಲಗಳೆಯುತ್ತದೆ ಎನ್ನುವುದು ಆತುರದ ತೀರ್ಮಾನವಾದೀತು. ಕಾಗೆಯ ಮಾಂಸವೊಂದನ್ನು ಮಾತ್ರ ಬಿಡುತ್ತೇನೆಂದು ಮುನಿಯ ಮುಂದೆ ವ್ರತ ತೊಟ್ಟ ಬೇಡ ಖದಿರಸಾರನ ಕಥೆ ಜೈನ ಪುರಾಣಗಳಲ್ಲಿದೆ. ಮರಣಶಯ್ಯೆಯಲ್ಲಿ ಔಷಧವಾಗಿ ಕಾಗೆಯ ಮಾಂಸವನ್ನು ಸೂಚಿಸಿದಾಗಲೂ ಅವನು ವ್ರತಭಂಗಕ್ಕೆ ಒಪ್ಪಲಿಲ್ಲ. ಅವನೇ ಮುಂದೆ ಮಗಧದ ಶ್ರೇಣಿಕನಾಗಿ ಹುಟ್ಟಿದನು. ಅಲ್ಪವ್ರತಕ್ಕೂ ಬೆಲೆಯಿದೆ ಎಂಬುದೇ ಆ ಕಥೆಯ ಸಾರ. ಎಡ್ವರ್ಡನು ಹೋಲುವುದು ಖದಿರಸಾರನನ್ನು. ಆದರೆ ಖದಿರಸಾರನು ತನ್ನ ವ್ರತದ ಎಲ್ಲೆಯನ್ನು ಬಲ್ಲವನು. ಕಾಗೆಯನ್ನು ಬಿಟ್ಟ ಮಾತ್ರಕ್ಕೆ ತನ್ನನ್ನು ಅಹಿಂಸಕನೆಂದು ಕರೆದುಕೊಂಡವನಲ್ಲ. ಪರಿಹಾಸದಲ್ಲಿಯಾದರೂ ‘ಸಸ್ಯಾಹಾರಿ’ ಎಂಬ ಹೆಸರು ಅಳಿಸಿಹಾಕುವುದು ಈ ಎಲ್ಲೆಯನ್ನೇ. ಜೊತೆಗೆ ಖದಿರಸಾರನದು ತ್ಯಾಗದ ಕಥೆ. ಕಲನ್ನರದು ಏನನ್ನೂ ಕಳೆದುಕೊಳ್ಳದ ಸಂಯಮದ ಕಥೆ. ಹಿಂಸೆಯೊಡನೆ ಪರಿಗ್ರಹವನ್ನೂ ಪ್ರಶ್ನಿಸುವ ಪರಂಪರೆಗೆ ಆ ಕಾರುಗಳೂ ಕಾಣಿಸುತ್ತವೆ.

ಈ ವಿವೇಚನೆಯನ್ನು ನೆಲಕ್ಕೆ ತಂದು ನೋಡಲು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆ ಒಳ್ಳೆಯ ನಿದರ್ಶನ. ಬೆಂಗಳೂರಿನ ಮಗ್ಗುಲಲ್ಲಿರುವ ಈ ಊರುಗಳ ಕಾಲೇಜು ವಿದ್ಯಾರ್ಥಿಗಳಿಗೆ ‘ಟ್ವೈಲೈಟ್’ ಸಿನಿಮಾದ ಮೂಲಕ ದೂರದ ಸಂಗತಿಯೇನಲ್ಲ. ಯಶೋಧರನ ಲೋಕವೂ ದೂರದ್ದಲ್ಲ. ಮಾಗಡಿ ತಾಲ್ಲೂಕಿನ ಕಲ್ಯ ಒಂದು ಕಾಲದ ಪ್ರಮುಖ ಜೈನ ನೆಲೆ. ಪಾಲ್ಕುರಿಕೆ ಸೋಮನಾಥನ ಐಕ್ಯಸ್ಥಳವೆಂದು ವೀರಶೈವ ಪರಂಪರೆ ಗೌರವಿಸುವ ಊರೂ ಹೌದು. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆಗಳ ಭವ್ಯರೊಡನೆ ಕಲ್ಲೆಹದ, ಅಂದರೆ ಈ ಕಲ್ಯದ, ಭವ್ಯರೂ ವೈಷ್ಣವರಿಂದ ಆದ ಅನ್ಯಾಯವನ್ನು ಬುಕ್ಕರಾಯನಿಗೆ ಬಿನ್ನವಿಸಿದರು. ರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿದನು. ಆ ಶಾಸನದ ಪ್ರತಿ ಶ್ರವಣಬೆಳಗೊಳದಲ್ಲಿರುವಂತೆ ಕಲ್ಯದಲ್ಲಿಯೂ ಇದೆ. ದೊರೆಯ ಬಾಗಿಲಿಗೆ ಹೋಗಿ ನ್ಯಾಯ ಕೇಳಬಲ್ಲ ಶ್ರಾವಕ ಸಮುದಾಯ ಈ ನೆಲದಲ್ಲಿತ್ತು. ಯಶೋಧರನ ಕಥೆ ಅಂತಹ ಸಮುದಾಯಗಳ ನೋಂಪಿಯ ಕಥೆ. ನವರಾತ್ರಿಯ ಜೀವದಯಾಷ್ಟಮಿಯಂದು ಕರ್ನಾಟಕದ ಜೈನರು ಅದನ್ನು ಸ್ಮರಿಸುತ್ತಾರೆ.

ಅದೇ ನವರಾತ್ರಿಯ ಆಯುಧಪೂಜೆಯಂದು ಹಳೆ ಮೈಸೂರು ಸೀಮೆಯ ಅಂಗಡಿ, ಕಾರ್ಖಾನೆ, ವಾಹನಗಳ ಮುಂದೆ ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆಯುವ ರೂಢಿಯಿದೆ. ದೇವಾಲಯಗಳಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾಯಿದೆ ರಾಜ್ಯದಲ್ಲಿ 1959ರಷ್ಟು ಹಿಂದೆಯೇ ಬಂದಿದೆ. ಕಾಯಿದೆ ನೋಡುವುದು ಪ್ರಾಣಿಯನ್ನು. ಜನ್ನನು ನೋಡುವುದು ಸಂಕಲ್ಪವನ್ನು. ಕುಂಬಳಕಾಯಿ ಪ್ರಾಣಿಯನ್ನು ಉಳಿಸುತ್ತದೆ, ಅದು ಸಣ್ಣ ಸಂಗತಿಯಲ್ಲ. ಆದರೆ ಒಡೆಯುವವನ ಮನಸ್ಸಿನಲ್ಲಿ ಅದು ಕಾಯಿಯೋ ಕೊರಳೋ ಎಂಬ ಪ್ರಶ್ನೆಯನ್ನು ಹಿಟ್ಟಿನ ಕೋಳಿಯ ಕಥೆ ಕೇಳದೆ ಬಿಡುವುದಿಲ್ಲ.

ಇನ್ನೊಂದು ತುದಿಯಲ್ಲಿ ರೇಷ್ಮೆಯಿದೆ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲಿಯೇ ಹೆಸರಾದದ್ದು. ಈ ನಾಲ್ಕೂ ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕಿ ಬದುಕುವ ಕುಟುಂಬಗಳು ಅಸಂಖ್ಯ. ಚಿಟ್ಟೆ ಹೊರಬಂದರೆ ಗೂಡು ತೂತಾಗಿ ಎಳೆ ತುಂಡಾಗುವುದರಿಂದ, ಅದಕ್ಕೂ ಮೊದಲೇ ಗೂಡನ್ನು ಬಿಸಿಗೆ ಒಡ್ಡಿ ಕುದಿನೀರಿಗಿಳಿಸಿ ನೂಲು ತೆಗೆಯುತ್ತಾರೆ. ಒಂದು ಸೀರೆಯ ಹೊಳಪಿನ ಹಿಂದೆ ಸಾವಿರಾರು ಹುಳುಗಳ ಸಾವಿದೆ. ಜೈನ ಶಾಸ್ತ್ರಕಾರರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಸಂಕಲ್ಪಪೂರ್ವಕ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕೆಂದರು. ಒಂದು ಜೀವವೂ ಸಾಯದ ಹಿಟ್ಟಿನ ಕೋಳಿಯಲ್ಲಿ ಸಂಕಲ್ಪವಿದೆ. ಸಾವಿರ ಜೀವ ಸಾಯುವ ಗೂಡಿನಲ್ಲಿ ಬೆಳೆಗಾರನಿಗೆ ಕೊಲ್ಲುವ ಬಯಕೆಯಿಲ್ಲ, ಹೊಟ್ಟೆಪಾಡಿದೆ. ಹಾಗಾದರೆ ಆ ಸಾವಿನ ಹೊಣೆ ಯಾರದು? ಬಿಸಿನೀರಿನ ಮುಂದೆ ಬೆರಳು ಬೇಯಿಸಿಕೊಳ್ಳುವ ಕೂಲಿಯವಳದೋ, ಹೊಳಪನ್ನು ಮಾತ್ರ ಉಡುವವರದೋ? ಚೆಲುವು ಮತ್ತು ಸಿರಿ ಯಾರ ಪ್ರಾಣದಿಂದ ಬರುತ್ತದೆ ಎಂಬ ಈ ಪ್ರಶ್ನೆ ಪೊಲಿಡೋರಿಯ ಪ್ರಭುವಿನ ಕಥೆಯಲ್ಲಿ ಸೂಚಿತವಾಗಿತ್ತು. ಎರಡು ಶತಮಾನಗಳ ಅನಂತರದ ಹದಿಹರೆಯದ ಕಾದಂಬರಿಗಳಲ್ಲಿ ಮಸುಕಾಯಿತು.

ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ದಲ್ಲಿ ಜನ್ನನ ಪ್ರಶ್ನೆಯನ್ನು ಇಂದಿನ ರಂಗಭೂಮಿಗೆ ತಂದು, ಮನಸ್ಸಿನ ಹಿಂಸೆಯಿಂದ ಮನುಷ್ಯನಿಗೆ ಬಿಡುಗಡೆಯುಂಟೇ ಎಂದು ಮರುಪ್ರಶ್ನೆ ಹಾಕಿದರು. ಕನ್ನಡದಲ್ಲಿ ಹದಿಹರೆಯದವರಿಗಾಗಿ ರಕ್ತಪಿಶಾಚಿಯ ಕಥೆ ಬರೆಯಬಯಸುವವರಿಗೆ ಸಾಮಗ್ರಿಯ ಕೊರತೆಯಿಲ್ಲ. ಕತ್ತಿಯ ಮುಂದೆ ನಗುತ್ತ ನಿಂತ ಇಬ್ಬರು ಎಳೆಯರು ಎಂಟುನೂರು ವರ್ಷಗಳಿಂದ ಇಲ್ಲಿದ್ದಾರೆ. ಅವರ ಆಕರ್ಷಣೆ ಮುಪ್ಪಿಲ್ಲದ ಮೈಯಲ್ಲಿಲ್ಲ. ತಾವು ಕೊಂದುದನ್ನೂ ತಾವು ಸತ್ತುದನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಧೈರ್ಯದಲ್ಲಿದೆ.