ಡಿಫರೆನ್ಶಿಯಲ್: ತಿರುವಿಗೆ ಬೇಕು, ಕೆಸರಿಗೆ ಬೇಡ

ರಾಯಚೂರು ಜಿಲ್ಲೆಯ ಮಾನ್ವಿ, ದೇವದುರ್ಗ ಕಡೆಯ ಎರೆಭೂಮಿಯಲ್ಲಿ ಮಳೆ ಬಿದ್ದ ಮರುದಿನ ಲಾರಿ ಓಡಿಸುವುದೆಂದರೆ ಪರೀಕ್ಷೆಯೇ ಸರಿ. ನೀರಮಾನ್ವಿಯಂಥ ಊರಿನಲ್ಲಿ ಡಾಂಬರು ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದ ಲಾರಿಯೊಂದರ ಹಿಂದಿನ ಒಂದು ಗಾಲಿ ರಾಡಿಯಲ್ಲಿದೆ, ಇನ್ನೊಂದು ಗಟ್ಟಿ ನೆಲದ ಮೇಲಿದೆ ಎಂದುಕೊಳ್ಳಿ. ಚಾಲಕ ಆಕ್ಸಿಲರೇಟರ್ ಒತ್ತುತ್ತಾನೆ. ರಾಡಿಯಲ್ಲಿರುವ ಗಾಲಿ ಗಿರಗಿರನೆ ಸುತ್ತಿ ಕೆಸರು ಎರಚುತ್ತದೆ. ಗಟ್ಟಿ ನೆಲದ ಮೇಲಿನ ಗಾಲಿ ಮಿಸುಕುವುದೇ ಇಲ್ಲ. ದುಡಿಯಬಲ್ಲ ಗಾಲಿ ಸುಮ್ಮನೆ ನಿಂತು, ದುಡಿಯಲಾಗದ ಗಾಲಿ ಸುತ್ತುವುದೇಕೆ?

ಇದಕ್ಕೆ ಕಾರಣ ಹಿಂದಿನ ಅಚ್ಚಿನ ನಡುವೆ ಗುಂಡಗೆ ಉಬ್ಬಿಕೊಂಡಿರುವ ಪೆಟ್ಟಿಗೆಯೊಳಗಿನ ಡಿಫರೆನ್ಶಿಯಲ್. ಅದನ್ನು ಬಿಚ್ಚಿ, ಒಳಗಿನ ಗೇರುಗಳನ್ನು ಒಂದಕ್ಕೊಂದು ವೆಲ್ಡಿಂಗ್ ಮಾಡಿಬಿಟ್ಟರೆ ಎರಡು ಗಾಲಿಗಳೂ ಒಟ್ಟಿಗೇ ತಿರುಗುತ್ತವೆ, ಗಾಡಿ ರಾಡಿಯಿಂದ ಮೇಲೇಳುತ್ತದೆ. ಒಂದಿಷ್ಟು ವೆಲ್ಡಿಂಗ್ ರಾಡು, ಅರ್ಧ ದಿನದ ಕೆಲಸ. ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ಅಮೆರಿಕದಲ್ಲಿ ಕಾಡುದಾರಿಯಲ್ಲಿ ಗಾಡಿ ಓಡಿಸುವ ಹವ್ಯಾಸಿಗಳು ಇದಕ್ಕೆ ‘ಲಿಂಕನ್ ಲಾಕರ್’ ಎಂದು ತಮಾಷೆಯ ಹೆಸರಿಟ್ಟಿದ್ದಾರೆ. ಲಿಂಕನ್ ಎಂಬುದು ಅಲ್ಲಿಯ ವೆಲ್ಡಿಂಗ್ ಯಂತ್ರದ ಕಂಪನಿ! ಆದರೆ ಹೀಗೆ ಬೆಸೆಯುವುದೆಂದರೆ ಸುಮಾರು ಎರಡು ನೂರು ವರ್ಷ ಹಿಂದಕ್ಕೆ ಹೋದಂತೆ. ಹೇಗೆಂದು ನೋಡೋಣ.

ನಮ್ಮ ಎತ್ತಿನ ಬಂಡಿಗೆ ಡಿಫರೆನ್ಶಿಯಲ್ ಬೇಕಿಲ್ಲ. ಅದರ ಅಚ್ಚು ತಿರುಗುವುದಿಲ್ಲ. ಗಾಲಿಗಳು ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ಬಂಡಿ ಬಲಕ್ಕೆ ತಿರುಗುವಾಗ ಎಡಗಾಲಿ ಹೆಚ್ಚು ದೂರ ಉರುಳುತ್ತದೆ, ಬಲಗಾಲಿ ಕಡಿಮೆ. ಎಳೆಯುವುದು ಎತ್ತು, ಗಾಲಿಯಲ್ಲ. ಹಾಗಾಗಿ ಯಾವ ತಕರಾರೂ ಇಲ್ಲ. ತಕರಾರು ಶುರುವಾಗುವುದು ಎಂಜಿನ್ನು ಗಾಲಿಗಳನ್ನೇ ತಿರುಗಿಸತೊಡಗಿದಾಗ.

ಈ ವ್ಯತ್ಯಾಸ ಎಷ್ಟು? ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಎರಡು ಗಾಲಿಗಳ ನಡುವಿನ ಅಂತರ 1.8 ಮೀಟರ್ ಇರಲಿ. ಗಾಡಿ ಒಂದು ಪೂರ್ಣ ವೃತ್ತ ಸುತ್ತಿದರೆ ಹೊರಗಾಲಿ ಒಳಗಾಲಿಗಿಂತ 2π × 1.8, ಅಂದರೆ ಸುಮಾರು 11.3 ಮೀಟರ್ ಹೆಚ್ಚು ಉರುಳಬೇಕು. ಸ್ವಾರಸ್ಯವೆಂದರೆ ವೃತ್ತದ ತ್ರಿಜ್ಯ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ತಿರುವು ಸಣ್ಣದಿರಲಿ, ದೊಡ್ಡದಿರಲಿ, ವ್ಯತ್ಯಾಸ ಅಷ್ಟೇ. ಊರಿನ ಸರ್ಕಲ್ಲಿನಲ್ಲಿ ಒಂದು ಲಂಬಕೋನದ ತಿರುವಿಗೆ ಇದರ ಕಾಲುಭಾಗ, ಸುಮಾರು 2.8 ಮೀಟರ್. ಎರಡು ಗಾಲಿಗಳೂ ಒಂದೇ ಅಚ್ಚಿಗೆ ಬಿಗಿದಿದ್ದರೆ ಇಷ್ಟು ದೂರವನ್ನು ಯಾವುದಾದರೊಂದು ಟೈರು ರಸ್ತೆಗೆ ಉಜ್ಜಿಕೊಂಡೇ ಸರಿದೂಗಿಸಬೇಕು.

ರೈಲಿನ ಗಾಲಿಗಳು ಅಚ್ಚಿಗೆ ಬಿಗಿದೇ ಇರುತ್ತವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. 1984ರಲ್ಲಿ ಬೆಂಗಳೂರಿನ ಯಲಹಂಕದಲ್ಲಿ ಆರಂಭವಾದ ರೈಲುಗಾಲಿ ಕಾರ್ಖಾನೆಯಲ್ಲಿ ಗಾಲಿಗಳನ್ನು ಅಚ್ಚಿಗೆ ಒತ್ತಿ ಕೂಡಿಸಿಯೇ ಕಳಿಸುತ್ತಾರೆ. ಅಲ್ಲಿ ಉಪಾಯ ಬೇರೆ: ಗಾಲಿಯ ಅಂಚು ಶಂಕುವಿನಂತೆ ಓರೆಯಾಗಿದೆ. ತಿರುವಿನಲ್ಲಿ ಅಚ್ಚು ತುಸು ಹೊರಕ್ಕೆ ಸರಿದು, ಹೊರಗಾಲಿ ತನ್ನ ದಪ್ಪ ಭಾಗದ ಮೇಲೂ ಒಳಗಾಲಿ ಸಣ್ಣ ಭಾಗದ ಮೇಲೂ ಉರುಳುತ್ತದೆ. ಹಳಿ ಇಲ್ಲದ ರಸ್ತೆಯಲ್ಲಿ ಈ ಆಟ ನಡೆಯದು.

ರಸ್ತೆಯ ಸಮಸ್ಯೆಗೆ ಉತ್ತರ ಕೊಟ್ಟವನು ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್. ಪ್ಯಾರಿಸ್ಸಿನಲ್ಲಿ ಕಲೆ ಮತ್ತು ಕೈಗಾರಿಕೆಗಳ ಸಂಗ್ರಹಾಲಯದ ಕಾರ್ಯಾಗಾರ ನೋಡಿಕೊಳ್ಳುತ್ತಿದ್ದ ಈತ ಉಗಿಬಂಡಿಯೊಂದಕ್ಕಾಗಿ 1828ರಲ್ಲಿ ಡಿಫರೆನ್ಶಿಯಲ್ಲಿಗೆ ಪೇಟೆಂಟ್ ಪಡೆದ. ಗೇರುಗಳ ಈ ಜೋಡಣೆ ಅದಕ್ಕೂ ಮೊದಲೇ ಗಡಿಯಾರ ಮಾಡುವವರಿಗೆ ಗೊತ್ತಿತ್ತು. ಗ್ರೀಸಿನ ಸಮುದ್ರದಲ್ಲಿ ಸಿಕ್ಕ ಪ್ರಾಚೀನ ಆ್ಯಂಟಿಕಿಥೆರಾ ಯಂತ್ರದಲ್ಲೂ ಡಿಫರೆನ್ಶಿಯಲ್ ಇದೆಯೆಂದು ಇತಿಹಾಸಕಾರ ಡೆರೆಕ್ ಪ್ರೈಸ್ 1974ರಲ್ಲಿ ಬರೆದಿದ್ದರು. ಮುಂದೆ ಎಕ್ಸ್‌ರೇ ಅಧ್ಯಯನಗಳು ಅದು ಹಾಗಲ್ಲ ಎಂದು ತೋರಿಸಿದವು. ಹಳೆಯದೆಲ್ಲದರಲ್ಲೂ ಹೊಸದನ್ನು ಕಾಣುವ ಚಪಲ ನಮಗೆ ಮಾತ್ರ ಇರುವುದಲ್ಲ!

ಪೆಕ್ಯೂರನ ನಂತರ 1832ರಲ್ಲಿ ಇಂಗ್ಲೆಂಡಿನ ರಿಚರ್ಡ್ ರಾಬರ್ಟ್ಸ್, 1877ರಲ್ಲಿ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಇದನ್ನು ಬಳಸಿದರು. ಸ್ಟಾರ್ಲಿ ಸೈಕಲ್ ತಯಾರಕ. ಅಕ್ಕಪಕ್ಕ ಕುಳಿತು ಇಬ್ಬರು ತುಳಿಯುವ ಗಾಡಿಯಲ್ಲಿ ಮಗನೊಂದಿಗೆ ಹೋಗುವಾಗ, ಹುಡುಗನ ತುಳಿತ ಜೋರಾಗಿ ಗಾಡಿ ಪಕ್ಕಕ್ಕೆ ಎಳೆದು ಇಬ್ಬರೂ ಪೊದೆಗೆ ಬಿದ್ದರಂತೆ. ಇಬ್ಬರ ಬಲವನ್ನೂ ಸಮನಾಗಿ ಹಂಚುವ ಸಾಧನ ಬೇಕೆಂದು ಅಂದೇ ಹೊಳೆಯಿತೆಂಬ ಕಥೆಯಿದೆ. 1885ರ ಕಾರ್ಲ್ ಬೆಂಜ್‌ನ ಮೂರು ಗಾಲಿಯ ಮೋಟಾರು ಗಾಡಿಯಲ್ಲೂ ಡಿಫರೆನ್ಶಿಯಲ್ ಇತ್ತು.

‘ಸಮನಾಗಿ ಹಂಚುವುದು’ ಎಂಬ ಈ ಮಾತಿನಲ್ಲೇ ನಮ್ಮ ರಾಡಿಯ ಒಗಟಿಗೆ ಉತ್ತರವಿದೆ. ಎಂಜಿನ್ನಿನಿಂದ ಬರುವ ಶಾಫ್ಟಿನ ತುದಿಯ ಪಿನಿಯನ್ನು ಕ್ರೌನ್ ವ್ಹೀಲನ್ನು ತಿರುಗಿಸುತ್ತದೆ. ಕ್ರೌನ್ ವ್ಹೀಲಿಗೆ ಬಿಗಿದ ಗೂಡಿನಲ್ಲಿ ಎರಡು ಅಥವಾ ನಾಲ್ಕು ಸಣ್ಣ ಸ್ಟಾರ್ ಪಿನಿಯನ್‌ಗಳಿವೆ. ಅವುಗಳ ಎರಡೂ ಬದಿಗೆ, ಎಡ-ಬಲ ಗಾಲಿಗಳ ಅರ್ಧ ಅಚ್ಚುಗಳಿಗೆ ಕೂಡಿಸಿದ ಒಂದೊಂದು ಗೇರು. ಸ್ಟಾರ್ ಪಿನಿಯನ್ನನ್ನು ನೊಗ ಎಂದು ಭಾವಿಸಿ. ನೊಗದ ನಟ್ಟನಡುವೆ ಮೂಕಿ, ಎರಡು ತುದಿಗೆ ಎರಡು ಎತ್ತು. ನಡುಬಿಂದುವಿನ ಸುತ್ತ ನೊಗ ತಿರುಗಲು ಸ್ವತಂತ್ರವಾಗಿದ್ದರೆ, ಎರಡು ತುದಿಯ ಎಳೆತ ಸಮನಾಗಿಯೇ ಇರಬೇಕು. ಒಂದು ಎತ್ತು ಎಳೆಯುವುದನ್ನು ಬಿಟ್ಟರೆ ಇನ್ನೊಂದು ಎಷ್ಟು ಬಲಶಾಲಿಯಾದರೂ ನೊಗ ವಾಲುತ್ತದೆಯೇ ಹೊರತು ಬಂಡಿ ಮುಂದೆ ಹೋಗದು.

ರಾಡಿಯ ಗಾಲಿಗೆ ನೆಲ ಕೊಡುವ ಹಿಡಿತ 1,000 ನ್ಯೂಟನ್ ಎನ್ನಿ, ಗಟ್ಟಿ ನೆಲದ ಗಾಲಿ 8,000 ನ್ಯೂಟನ್ ತಡೆದುಕೊಳ್ಳಬಲ್ಲದು. ಡಿಫರೆನ್ಶಿಯಲ್ ಸಮನಾಗಿ ಹಂಚುವುದರಿಂದ ಆ ಗಾಲಿಗೂ ಸಿಗುವುದು 1,000 ಮಾತ್ರ. ಒಟ್ಟು 2,000. ಎರಡನ್ನೂ ಬಿಗಿದು ಒಂದಾಗಿಸಿದರೆ ಒಟ್ಟು 9,000. ವೆಲ್ಡಿಂಗ್ ಮಾಡುವವರ ಲೆಕ್ಕ ಇದು, ಮತ್ತು ಈ ಲೆಕ್ಕದಲ್ಲಿ ತಪ್ಪಿಲ್ಲ.

ವೇಗದ ನಿಯಮವೂ ಸರಳ: ಎರಡು ಗಾಲಿಗಳ ವೇಗದ ಸರಾಸರಿ ಕ್ರೌನ್ ವ್ಹೀಲಿನ ವೇಗಕ್ಕೆ ಸಮ. ಒಂದು ನಿಂತರೆ ಇನ್ನೊಂದು ದುಪ್ಪಟ್ಟು ವೇಗದಲ್ಲಿ ತಿರುಗುತ್ತದೆ. ಇದನ್ನು ತರಗತಿಯಲ್ಲಿ ವಿವರಿಸಬಯಸುವ ಶಿಕ್ಷಕರು 1937ರಲ್ಲಿ ಷೆವರ್ಲೆ ಕಂಪನಿ ಮಾಡಿಸಿದ ‘ಅರೌಂಡ್ ದ ಕಾರ್ನರ್’ ಎಂಬ ಕಿರುಚಿತ್ರ ತೋರಿಸಬಹುದು. ಬರೀ ಕಡ್ಡಿಗಳಿಂದ ಆರಂಭಿಸಿ ಹಂತಹಂತವಾಗಿ ಪೂರ್ತಿ ಡಿಫರೆನ್ಶಿಯಲ್ಲನ್ನು ಕಟ್ಟಿ ತೋರಿಸುವ ಆ ಚಿತ್ರಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ.

ಸಮನಾಗಿ ಹಂಚುವ ಗುಣವೇ ಕೆಸರಿನಲ್ಲಿ ದೋಷವಾಗುತ್ತದೆಂಬುದು ಮೊದಲಿನಿಂದಲೂ ಗೊತ್ತಿತ್ತು. ಹತ್ತೊಂಬತ್ತನೇ ಶತಮಾನದ ಉಗಿ ಎಳೆಯಂತ್ರಗಳಲ್ಲಿ ಒಂದು ದಪ್ಪ ಪಿನ್ ಹಾಕಿ ಎರಡು ಗಾಲಿಗಳನ್ನೂ ಬಿಗಿಯುವ ಏರ್ಪಾಡಿತ್ತು. ಕೆಸರು ದಾಟಿದ ಮೇಲೆ ಚಾಲಕ ಇಳಿದು ಪಿನ್ ಕೀಳಬೇಕು. 1930ರ ದಶಕದಲ್ಲಿ ಫರ್ಡಿನಾಂಡ್ ಪೋರ್ಷೆ ರೂಪಿಸಿದ ರೇಸ್ ಕಾರುಗಳ ಒಂದು ಹಿಂಗಾಲಿ ಸುಮ್ಮನೆ ಸುತ್ತಿ ಟೈರು ಸುಡುತ್ತಿತ್ತು. ಅದಕ್ಕಾಗಿ ಜರ್ಮನಿಯ ಝಡ್‌ಎಫ್ ಕಂಪನಿ 1935ರಲ್ಲಿ ಭಾಗಶಃ ಬಿಗಿಯುವ ಡಿಫರೆನ್ಶಿಯಲ್ ಮಾಡಿಕೊಟ್ಟಿತು. 1958ರಲ್ಲಿ ಅಮೆರಿಕದ ವರ್ನನ್ ಗ್ಲೀಸ್‌ಮನ್ ವರ್ಮ್ ಗೇರುಗಳಿಂದಲೇ ಬಿಗಿಯುವ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. ಎಲ್ಲದರ ಗುರಿ ಒಂದೇ: ಬೇಕಾದಾಗ ಬಿಗಿ, ಬೇಡವಾದಾಗ ಸಡಿಲ.

ನಮ್ಮ ಸೀಮೆಗೆ ಈ ಪ್ರಶ್ನೆ ಬಂದದ್ದು ನೀರಿನೊಂದಿಗೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಹರಿಯತೊಡಗಿತು. ಸುಮಾರು 225 ಕಿ.ಮೀ. ಉದ್ದದ ಎಡದಂಡೆ ಕಾಲುವೆಯನ್ನು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ್ದರು. ಆದರೆ ಆಂಧ್ರದ ಕರಾವಳಿಯಿಂದ ಬಂದು ‘ಕ್ಯಾಂಪು’ಗಳಲ್ಲಿ ನೆಲೆಸಿದ ರೈತರು ಗಂಗಾವತಿ, ಸಿಂಧನೂರು ಕಡೆ ಭತ್ತ ಬೆಳೆದರು, ಸ್ಥಳೀಯರೂ ಅದೇ ಹಾದಿ ಹಿಡಿದರು. (ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ರಾಯಚೂರಿನ ಹೊಲಗಳಿಗೆ ನೀರು ಸಾಲದೆ ಬಂದದ್ದು ಬೇರೆಯದೇ ಕಥೆ.) ಜೋಳ, ಹತ್ತಿ ಬೆಳೆಯುತ್ತಿದ್ದಾಗ ಒಣಗಿ ಬಿರಿಯುತ್ತಿದ್ದ ಎರೆಮಣ್ಣು ಈಗ ತಿಂಗಳುಗಟ್ಟಲೆ ನೀರಲ್ಲಿ ನಿಲ್ಲತೊಡಗಿತು. ಈ ಮಣ್ಣಿನ ಮಾಂಟ್‌ಮೊರಿಲೊನೈಟ್ ಜೇಡಿಯ ಪದರಗಳ ನಡುವೆ ನೀರು ಸೇರಿ ಅದು ಉಬ್ಬುತ್ತದೆ, ಟೈರಿನ ಹಲ್ಲುಗಳ ಸಂದಿನಲ್ಲಿ ಮೆತ್ತಿಕೊಂಡು ಅದನ್ನು ನುಣುಪು ಉರುಳೆಯನ್ನಾಗಿ ಮಾಡುತ್ತದೆ. ಟ್ರ್ಯಾಕ್ಟರಿನಲ್ಲಿ ಚಾಲಕ ಕಾಲಿಂದ ಒತ್ತುವ ಡಿಫರೆನ್ಶಿಯಲ್ ಲಾಕ್ ಇಂಥ ಗದ್ದೆಗೆಂದೇ ಇದ್ದಂತಿದೆ. ಒತ್ತಿದರೆ ಬಿಗಿ, ಕಾಲು ತೆಗೆದರೆ ಸಡಿಲ. ಪವರ್ ಟಿಲ್ಲರಿನಲ್ಲಿ ಡಿಫರೆನ್ಶಿಯಲ್ಲಿನ ಬದಲು ಎಡಕ್ಕೊಂದು ಬಲಕ್ಕೊಂದು ಕ್ಲಚ್ ಇಟ್ಟು ತಿರುಗಿಸುತ್ತಾರೆ.

ವೆಲ್ಡಿಂಗ್ ಮಾಡಿದ ಲಾರಿಗೆ ಈ ‘ಕಾಲು ತೆಗೆಯುವ’ ಅವಕಾಶವೇ ಇಲ್ಲ. ಅದು ರಾಡಿಯಿಂದ ಡಾಂಬರಿಗೆ ಬಂದಾಗ ಏನಾಗುತ್ತದೆ? ಹಿಂದಿನ ಅಚ್ಚಿನ ಮೇಲೆ 10 ಟನ್ ಭಾರವಿದ್ದರೆ ಒಂದು ಬದಿಗೆ 5 ಟನ್, ಅಂದರೆ 49,000 ನ್ಯೂಟನ್. ಘರ್ಷಣಾಂಕ 0.7 ಎಂದರೆ ಟೈರು ಜಾರಲು ಸುಮಾರು 34,000 ನ್ಯೂಟನ್ ಬೇಕು. ಗಾಲಿಯ ತ್ರಿಜ್ಯ ಅರ್ಧ ಮೀಟರ್. ಹಾಗಾದರೆ ಟೈರು ಜಾರುವ ಮೊದಲು ಅರ್ಧ ಅಚ್ಚು 17,000 ನ್ಯೂಟನ್-ಮೀಟರ್ ತಿರುಚು ಬಲವನ್ನು ಸಹಿಸಬೇಕು, ಅದೂ ಪ್ರತಿ ತಿರುವಿನಲ್ಲಿ. ಟೈರು ಬೇಗ ಸವೆಯುತ್ತದೆ. ಗಾಡಿ ತಿರುಗಲೊಲ್ಲದೆ ನೇರಕ್ಕೆ ಎಳೆಯುತ್ತದೆ. ಒಂದು ದಿನ ಅಚ್ಚು ತುಂಡಾಗುತ್ತದೆ. ಭಾರ ಹೊತ್ತ ಲಾರಿಗೆ ಕಾಲುವೆ ಏರಿಯ ಮೇಲಿನ ತಿರುವಿನಲ್ಲಿ ಈ ನೇರ ಎಳೆತ ಪ್ರಾಣಕ್ಕೇ ಮುಳುವಾದೀತು.

ಬೆಸುಗೆಯೂ ನಂಬಲರ್ಹವಲ್ಲ. ಈ ಗೇರುಗಳ ಒಳಭಾಗ ಸುಮಾರು 0.2 ಶೇಕಡಾ ಇಂಗಾಲದ ಮೆತ್ತನೆಯ ಉಕ್ಕು. ಹೊರಮೈಗೆ ಮಾತ್ರ ಇಂಗಾಲ ಉಣಿಸಿ 0.8 ಶೇಕಡಾಕ್ಕೆ ಏರಿಸಿ, ಕಾಯಿಸಿ ತಣಿಸಿ ಗಡಸು ಮಾಡಿರುತ್ತಾರೆ. ಅದರ ಮೇಲೆ ಆರ್ಕ್ ಬಿದ್ದಾಗ ಕರಗಿದ ಜಾಗದ ಸುತ್ತ ಬಿಸಿ ಥಟ್ಟನೆ ತಣಿದು, ಮಾರ್ಟೆನ್ಸೈಟ್ ಎಂಬ ಗಾಜಿನಂತೆ ಬಿರುಸಾದ ರಚನೆ ಉಂಟಾಗುತ್ತದೆ. ಬಿರುಕು ಹುಟ್ಟುವುದು ಬೆಸುಗೆಯ ನಡುವೆ ಅಲ್ಲ, ಅದರ ಪಕ್ಕದಲ್ಲಿ. ಮೊದಲೇ ಕಾಯಿಸಿ, ನಂತರ ಬೂದಿಯಲ್ಲೋ ಮರಳಿನಲ್ಲೋ ಹುಗಿದು ನಿಧಾನ ತಣಿಸಿದರೆ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಒಡೆದ ಒಂದು ಚೂರು ಕ್ರೌನ್ ವ್ಹೀಲಿನ ಹಲ್ಲಿಗೆ ಸಿಕ್ಕರೆ ಹಿಂಗಾಲಿಗಳು ಓಟದಲ್ಲೇ ಕಚ್ಚಿ ನಿಲ್ಲಬಹುದು. ಡಾಂಬರು ಕಾಣದೆ ಬರೀ ಕಣದಲ್ಲೋ ಗಣಿಯಲ್ಲೋ ಓಡುವ ಹಳೆಯ ಗಾಡಿಗೆ ಬೆಸೆದ ಡಿಫರೆನ್ಶಿಯಲ್ ನಡೆದೀತು. ರಸ್ತೆಗಿಳಿಯುವ ಗಾಡಿಗೆ ಸಲ್ಲದು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಲಾಕ್ ಇಲ್ಲದ ಗಾಡಿ ರಾಡಿಯಲ್ಲೇ ಇರಬೇಕೇ? ಉತ್ತರ ಟ್ರ್ಯಾಕ್ಟರಿನಲ್ಲೇ ಇದೆ. ಅದರ ಎಡ-ಬಲ ಹಿಂಗಾಲಿಗಳಿಗೆ ಬೇರೆಬೇರೆ ಬ್ರೇಕ್ ಪೆಡಲ್ಲುಗಳಿವೆ. ಸುಮ್ಮನೆ ಸುತ್ತುವ ಗಾಲಿಯ ಬ್ರೇಕನ್ನು ಮಾತ್ರ ಅನುಭವಿ ಚಾಲಕ ಮೆಲ್ಲಗೆ ಅದುಮುತ್ತಾನೆ. ಆ ಗಾಲಿಗೆ ಕೃತಕವಾಗಿ ತಡೆ ಸಿಗುತ್ತದೆ. ಡಿಫರೆನ್ಶಿಯಲ್ ತನ್ನ ಸ್ವಭಾವದಂತೆ ಅಷ್ಟೇ ಬಲವನ್ನು ಗಟ್ಟಿ ನೆಲದ ಗಾಲಿಗೂ ಕೊಡುತ್ತದೆ. 1980ರ ದಶಕದಿಂದ ಕಾರುಗಳಿಗೆ ಬಂದ ಟ್ರ್ಯಾಕ್ಷನ್ ಕಂಟ್ರೋಲ್ ಮಾಡುವುದೂ ಇದನ್ನೇ, ಚಾಲಕನ ಕಾಲಿನ ಬದಲು ಸೆನ್ಸರು ಮತ್ತು ಕಂಪ್ಯೂಟರಿನಿಂದ. ಟ್ರ್ಯಾಕ್ಟರನ್ನು ರಸ್ತೆಗೆ ಹತ್ತಿಸುವ ಮುನ್ನ ಮಾತ್ರ ಎರಡು ಪೆಡಲ್ಲುಗಳನ್ನೂ ಕೊಂಡಿ ಹಾಕಿ ಒಂದು ಮಾಡಿಕೊಳ್ಳಬೇಕು.