ಮುರಳೀಕಾಂತ್ ಪೇಟ್ಕರ್ ಯಾರು? ಯುದ್ಧದಲ್ಲಿ ಗಾಯಗೊಂಡರೂ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದ ಯೋಧ

ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಮೊದಲ ಚಿನ್ನದ ಪದಕ ಗೆದ್ದುಕೊಟ್ಟವರು ಮಾಜಿ ಯೋಧ ಮುರಳೀಕಾಂತ್ ಪೇಟ್ಕರ್. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ 1944ರ ನವೆಂಬರ್ 1ರಂದು ಜನಿಸಿದ ಅವರು ಸೇನೆಯ ಇಎಂಇ ವಿಭಾಗದಲ್ಲಿ ಸೇವೆ ಸಲ್ಲಿಸಿದರು. ಆಗ ಅವರು ಬಾಕ್ಸರ್ ಆಗಿದ್ದರು.

1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಹಲವು ಗುಂಡುಗಳು ತಗುಲಿ, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಬಾಕ್ಸಿಂಗ್ ಅಲ್ಲಿಗೇ ಮುಗಿಯಿತು. ಚಿಕಿತ್ಸೆಯ ಭಾಗವಾಗಿ ಶುರುವಾದ ಈಜು ಅವರ ಬದುಕನ್ನೇ ಬದಲಿಸಿತು. 1972ರಲ್ಲಿ ಪಶ್ಚಿಮ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ಸ್‌ನ 50 ಮೀಟರ್ ಫ್ರೀಸ್ಟೈಲ್‌ನಲ್ಲಿ 37.33 ಸೆಕೆಂಡ್‌ಗಳಲ್ಲಿ ಗುರಿ ಮುಟ್ಟಿ, ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಭಾರತದ ಮೊದಲ ವೈಯಕ್ತಿಕ ಚಿನ್ನ ಗೆದ್ದಿದ್ದು ಇದಾಗಿ 36 ವರ್ಷಗಳ ಬಳಿಕ.

ಆದರೂ ಪೇಟ್ಕರ್ ಹೆಸರು ದಶಕಗಳ ಕಾಲ ಬಹುತೇಕರಿಗೆ ತಿಳಿದಿರಲಿಲ್ಲ. ಪದ್ಮಶ್ರೀ ಬಂದಿದ್ದು 2018ರಲ್ಲಿ, ಅಂದರೆ ಪದಕ ಗೆದ್ದ 46 ವರ್ಷಗಳ ನಂತರ. 2024ರಲ್ಲಿ ಕಬೀರ್ ಖಾನ್ ನಿರ್ದೇಶನದ ಹಿಂದಿ ಸಿನಿಮಾ 'ಚಂದು ಚಾಂಪಿಯನ್' ಅವರ ಕಥೆಯನ್ನು ಹೊಸ ಪೀಳಿಗೆಗೆ ತಲುಪಿಸಿತು. ಕಾರ್ತಿಕ್ ಆರ್ಯನ್ ಅವರ ಪಾತ್ರದಲ್ಲಿ ನಟಿಸಿದ್ದರು. 2025ರ ಜನವರಿಯಲ್ಲಿ ಪೇಟ್ಕರ್‌ಗೆ ಜೀವಮಾನ ಸಾಧನೆಗಾಗಿ ಅರ್ಜುನ ಪ್ರಶಸ್ತಿ ಪ್ರದಾನ ಮಾಡಲಾಯಿತು. ಆಗ ಅವರಿಗೆ 80 ವರ್ಷ.