ಬಾವಿಯ ಇಂಜಿನ್ನು ಮತ್ತು ಅದರ ಕ್ರ್ಯಾಂಕ್ ಷಾಫ್ಟು



ನಿಮ್ಮ ಮನೆಯಲ್ಲಿ ಹಳೇ ರಾಗಿಕಲ್ಲು ಇನ್ನೂ ಉಳಿದಿದ್ದರೆ ಅದರ ಗೂಟವನ್ನೊಮ್ಮೆ ಹಿಡಿದು ನೋಡಿ. ಗೂಟ ಕಲ್ಲಿನ ನಡುವೆ ಇಲ್ಲ, ಅಂಚಿನಲ್ಲಿದೆ. ಬೀಸುವವರ ತೋಳು ಹಿಂದಕ್ಕೂ ಮುಂದಕ್ಕೂ ಆಡುತ್ತದೆ, ಕಲ್ಲು ಸುತ್ತುತ್ತದೆ. ಆಯಿಲ್ ಇಂಜಿನ್ನಿನ ಹೊಟ್ಟೆಯೊಳಗೆ ಕ್ರ್ಯಾಂಕ್ ಷಾಫ್ಟು ಮಾಡುವ ಕೆಲಸವೂ ಇಷ್ಟೇ. ಕನೆಕ್ಟಿಂಗ್ ರಾಡು ತೋಳು, ಕ್ರ್ಯಾಂಕಿನ ಪಿನ್ನೇ ಗೂಟ.

ಈ ಉಪಾಯ ನೀರೆತ್ತುವ ಕೆಲಸಕ್ಕೆ ಬಂದು ಬಹಳ ಕಾಲವಾಯಿತು. ಈಗಿನ ಟರ್ಕಿ ದೇಶದ ದಿಯಾರ್‌ಬಕೀರಿನಲ್ಲಿದ್ದ ಅಲ್-ಜಝರಿ ಎಂಬ ಯಂತ್ರಶಿಲ್ಪಿ 1206ರ ತನ್ನ ಗ್ರಂಥದಲ್ಲಿ ನೀರೆತ್ತುವ ಯಂತ್ರಕ್ಕೆ ಕ್ರ್ಯಾಂಕನ್ನು ಬಳಸಿ ತೋರಿಸಿದ್ದಾನೆ. ಇಂಗ್ಲೆಂಡಿನಲ್ಲಿ 1780ರಲ್ಲಿ ಜೇಮ್ಸ್ ಪಿಕಾರ್ಡ್ ಎಂಬಾತ ಉಗಿಯಂತ್ರಕ್ಕೆ ಕ್ರ್ಯಾಂಕು ಜೋಡಿಸುವ ಹಕ್ಕನ್ನು ತನ್ನ ಹೆಸರಿಗೆ ಬರೆಸಿಕೊಂಡ. ಜೇಮ್ಸ್ ವಾಟನಂಥವನೂ ಅದನ್ನು ಬಿಟ್ಟು ಹಲ್ಲುಚಕ್ರಗಳ ಸುತ್ತುದಾರಿ ಹಿಡಿಯಬೇಕಾಯಿತು. ರಾಗಿಕಲ್ಲಿನ ಗೂಟಕ್ಕೂ ಒಬ್ಬ ಹಕ್ಕುದಾರ, ನೋಡಿ!

ಇನ್ನು ನಮ್ಮ ಸೀಮೆಗೆ ಬರೋಣ. ಹೊರಮಾವು, ಕಲ್ಕೆರೆ, ಕೃಷ್ಣರಾಜಪುರದ ಸುತ್ತಿನ ಬಾವಿಗಳಲ್ಲಿ ಮೊದಲು ನೀರೆತ್ತಿದ್ದು ಕಪಿಲೆ ಮತ್ತು ಏತ. ಎರಡು ಎತ್ತು, ಒಂದು ತೊಗಲ ಚೀಲ, ಹಗ್ಗದ ಮೇಲೆ ಕೂತು ಇಳಿಜಾರಿನಲ್ಲಿ ಎತ್ತು ಹೊಡೆಯುವ ಒಬ್ಬ ಆಳು. ಬೆಂಗಳೂರಿನ ಬೀದಿಗಳಿಗೆ 1905ರಲ್ಲೇ ವಿದ್ಯುತ್ ದೀಪ ಬಂದರೂ ಹಳ್ಳಿಯ ಬಾವಿಗೆ ತಂತಿ ಬರಲು ದಶಕಗಳೇ ಬೇಕಾದವು. ಆ ನಡುವಿನ ಕಾಲವನ್ನು ತುಂಬಿದ್ದು ಆಯಿಲ್ ಇಂಜಿನ್ನು.

ಮೊದಲ ಪೀಳಿಗೆಯವು ನಿಧಾನದ ಇಂಜಿನ್ನುಗಳು. ಇಂಗ್ಲೆಂಡಿನ ಡರ್ಸ್ಲಿ ಊರಿನ ಲಿಸ್ಟರ್ ಕಂಪನಿಯ ಎರಡು ದೊಡ್ಡ ಚಕ್ರದ ಇಂಜಿನ್ನು ನಿಮಿಷಕ್ಕೆ ಸುಮಾರು 600 ಸುತ್ತು ಮಾತ್ರ ತಿರುಗುತ್ತಿತ್ತು. ಅದೇ ಮಾದರಿಯನ್ನು ರಾಜಕೋಟೆಯ ಕಾರ್ಖಾನೆಗಳು ದಶಕಗಳ ಕಾಲ ತಯಾರಿಸಿದವು. ಇಂಥ ಹಳೇ ಕಾಲದ ಇಂಜಿನ್ನುಗಳ ರಿಪೇರಿ ಹೆಚ್ಚೂಕಡಿಮೆ ಕಮ್ಮಾರಿಕೆಯೇ ಆಗಿತ್ತು. ಬೇರಿಂಗು ಸವೆದರೆ ತವರ, ಆಂಟಿಮನಿ, ತಾಮ್ರ ಬೆರೆಸಿದ ಬಿಳಿ ಲೋಹವನ್ನು ಕರಗಿಸಿ ಹೊಯ್ದು, ಷಾಫ್ಟಿಗೆ ನೀಲಿ ಬಣ್ಣ ಸವರಿ ಕೂರಿಸಿ ತಿರುಗಿಸುವರು. ನೀಲಿ ಹತ್ತಿದ ಕಡೆಯೆಲ್ಲಾ ಎತ್ತರ. ಅಲ್ಲಿ ಹೆರೆದು, ಮತ್ತೆ ನೀಲಿ, ಮತ್ತೆ ಹೆರೆತ. ಈ ಬಿಳಿ ಲೋಹದ ಬೇರಿಂಗನ್ನು 1839ರಲ್ಲಿ ಕಂಡುಹಿಡಿದ ಅಮೆರಿಕದ ಐಸಾಕ್ ಬ್ಯಾಬಿಟ್ ಕಸಬಿನಲ್ಲಿ ಅಕ್ಕಸಾಲಿ. ತಾಳ್ಮೆಯುಳ್ಳ ಮಿಸ್ತ್ರಿ ಇದ್ದರೆ ಮನೆಯ ಜಗಲಿಯೇ ಕಾರ್ಖಾನೆ.

ಆಮೇಲೆ ವೇಗದ ಇಂಜಿನ್ನು ಬಂತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿ ಬೆಳೆಸಿದ ಮನೆತನದ ಉದ್ಯಮ, 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ ಕಂಪನಿಯಾಗಿ ಕವಲೊಡೆಯಿತು. ಅದರ 5 ಅಶ್ವಶಕ್ತಿಯ ಇಂಜಿನ್ನು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಗಂಟೆಗೆ 90,000 ಸುತ್ತಾಯಿತು! ಇಷ್ಟು ವೇಗಕ್ಕೆ ಪಿನ್ನಿನ ಮೇಲೆ ನಿಲ್ಲುವ ಎಣ್ಣೆಯ ಪದರ ಕೂದಲಿಗಿಂತ ತೆಳು. ಪಿನ್ನು ಗುಂಡಗಿಲ್ಲದಿದ್ದರೆ ಆ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಹಳೇ ಇಂಜಿನ್ನು ಕೈಗೆಲಸದ ತಪ್ಪನ್ನು ಸಹಿಸಿಕೊಂಡಿತು, ಹೊಸದು ಸಹಿಸದು. ಈ ಒಂದು ಮಾತು ತಿಳಿಯದೆ ನಮ್ಮ ಕಡೆ ಎಷ್ಟು ಷಾಫ್ಟುಗಳು ಗುಜರಿ ಸೇರಿದವೋ!

ನಮ್ಮ ಮನೆಯದೇ ಒಂದು ಹೇಳುತ್ತೇನೆ. ನಾನು ಶಾಲೆಗೆ ಹೋಗುತ್ತಿದ್ದ ದಿನಗಳು. ತಾತನ ತೋಟದಲ್ಲಿ ಹುರುಳಿಕಾಯಿ ಹೂವಿಗೆ ಬಂದಿತ್ತು. ಕರೆಂಟು ನಂಬಿಕೆಗಿಲ್ಲ, ಇಂಜಿನ್ನೇ ಗತಿ. ಒಂದು ದಿನ ಒಳಗಿಂದ ಟಕ್ ಟಕ್ ಸದ್ದು. ಬಂದ ಮಿಸ್ತ್ರಿ, "ಏನೂ ಆಗಲ್ಲ ಬುಡಿ ಯಜಮಾನ್ರೆ, ಅರ ಹಾಕಿ ಉಜ್ಜಿದ್ರೆ ಸರಿ ಹೋಯ್ತದೆ" ಅಂದ. ಪಿನ್ನಿಗೆ ಅರ ಹಾಕಿದ, ಬೇರಿಂಗಿನ ಬೆನ್ನಿಗೆ ತಗಡಿನ ಚೂರು ಕೊಟ್ಟ. ಸದ್ದು ನಿಂತಿತು. ನಾಲ್ಕನೇ ದಿನ ರಾಡು ಮುರಿದು ಇಂಜಿನ್ನಿನ ಪಕ್ಕೆ ಒಡೆದು ಹೊರಬಂತು. ಹೊಸ ಇಂಜಿನ್ನಿಗೆ ದುಡ್ಡು ಹೊಂದಿಸುವ ಹೊತ್ತಿಗೆ ಹೂವೆಲ್ಲಾ ಉದುರಿ ಬಳ್ಳಿ ಒಣಗಿತ್ತು. ಮಿಸ್ತ್ರಿಯನ್ನು ಬೈದು ಫಲವೇನು? ಅವನು ತನ್ನ ಗುರು ಕಲಿಸಿದ ಹಳೇ ವಿದ್ಯೆಯನ್ನೇ ಮಾಡಿದ್ದ.

ಹಾಗಾದರೆ ಮನೆಯಲ್ಲಿ ಏನೂ ಮಾಡಬಾರದೋ? ಮಾಡಬಹುದು, ಮುಕ್ಕಾಲು ಪಾಲು ಕೆಲಸ ನಿಮ್ಮದೇ. ಬಿಚ್ಚುವ ಮೊದಲು ರಾಡು ಮತ್ತು ಅದರ ಟೋಪಿಗೆ ಗುರುತು ಹಾಕಿ, ತಿರುಗುಮುರುಗಾಗಬಾರದು. ಷಾಫ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆಯ ತೂತುಗಳಿಗೆ ತಂತಿ ಆಡಿಸಿ. ಬಿರುಕು ನೋಡಲು ಹಳಬರ ಒಳ್ಳೇ ಉಪಾಯವೊಂದಿದೆ: ಸೀಮೆಎಣ್ಣೆಯಲ್ಲಿ ನೆನೆಸಿದ ಷಾಫ್ಟನ್ನು ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಬಿಳಿಯ ಮೇಲೆ ಗೆರೆ ಮೂಡುತ್ತದೆ. ಗೆರೆ ಮೂಡಿದ ಷಾಫ್ಟಿನ ಆಸೆ ಬಿಡಿ.

ಆಮೇಲೆ ಮೈಕ್ರೊಮೀಟರಿನಿಂದ ಪಿನ್ನನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಯಿರಿ. ವ್ಯತ್ಯಾಸ ಇಂಜಿನ್ನಿನ ಪುಸ್ತಕದಲ್ಲಿ ಕೊಟ್ಟ ಮಿತಿ ಮೀರಿದ್ದರೆ ಗ್ರೈಂಡಿಂಗ್ ಅಂಗಡಿಗೆ ಒಯ್ಯಬೇಕು. ಅಲ್ಲಿ ಪಿನ್ನನ್ನು ಕಾಲು ಮಿಲಿಮೀಟರು, ಸಾಲದಿದ್ದರೆ ಅರ್ಧ ಮಿಲಿಮೀಟರು ಸಣ್ಣ ಮಾಡುತ್ತಾರೆ. ಅದಕ್ಕೆ ಸರಿಯಾದ ಅಂಡರ್‌ಸೈಜ್ ಬೇರಿಂಗು ತಯಾರಾಗಿಯೇ ಸಿಗುತ್ತದೆ. ಹೆರೆತದ ಕಾಲವನ್ನು ಮುಗಿಸಿದ್ದೇ ಈ ಏರ್ಪಾಡು. ಷಾಫ್ಟು ವಾಪಸು ತರುವಾಗ ಪಿನ್ನಿನ ಎರಡು ಮೂಲೆಗಳ ಮೇಲೆ ಬೆರಳಾಡಿಸಿ. ದುಂಡನೆ ಇಳಿಜಾರು ಇರಬೇಕು, ಚೂಪು ಮೂಲೆ ಇದ್ದರೆ ಅಲ್ಲಿಂದಲೇ ಮುರಿಯುವುದು.

ಔಷಧಿ ಹೊಡೆಯುವ ಪುಟ್ಟ ಟೂ-ಸ್ಟ್ರೋಕ್ ಇಂಜಿನ್ನುಗಳ ಸಂಗತಿ ಬೇರೆ. ಸಾಮಾನ್ಯವಾಗಿ ಅವುಗಳ ರಾಡಿಗೆ ಟೋಪಿಯಿಲ್ಲ, ಆದ್ದರಿಂದ ಷಾಫ್ಟನ್ನೇ ತುಂಡುಗಳಲ್ಲಿ ಮಾಡಿ ಪಿನ್ನನ್ನು ಒತ್ತಿ ಕೂರಿಸಿರುತ್ತಾರೆ. ಪ್ರೆಸ್ ಇದ್ದವರು ಪಿನ್ನು, ರಾಡು, ಬೇರಿಂಗು ಬದಲಿಸಬಹುದು. ಆದರೆ ಡಯಲ್ ಗೇಜ್ ಇಟ್ಟು ಓಲಾಟ ನೋಡಿ, ಹಿತ್ತಾಳೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಎರಡು ತುದಿಯನ್ನೂ ಒಂದೇ ನೇರಕ್ಕೆ ತರಬೇಕು. ಕಣ್ಣಳತೆ ಸಾಲದು.

ಹೊರಮಾವಿನಿಂದ ಕೃಷ್ಣರಾಜಪುರ ದಾಟಿದರೆ ಮಹದೇವಪುರ. ವಿ.ಎಸ್.ಟಿ. ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಾಯದಿಂದ ಶುರುವಾಗಿ ಪವರ್ ಟಿಲ್ಲರ್ ತಯಾರಿಸಿದ್ದು ಅಲ್ಲಿ. ಹೀಗೆ ಬಾವಿಕಟ್ಟೆಯಲ್ಲಿದ್ದ ಒಂಟಿ ಸಿಲಿಂಡರು ಗದ್ದೆಗೂ ಇಳಿಯಿತು. ಹೊರಮಾವು 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿತು. ತೆರೆದ ಬಾವಿಗಳು ಬತ್ತಿ, ಬೋರ್‌ವೆಲ್ಲಿನ ಮೋಟಾರು ಬಂದು, ಇಂಜಿನ್ನಿನ ಸದ್ದು ಅಡಗಿತು. ಹೊಸಕೋಟೆ, ಮಾಲೂರಿನ ಕಡೆ ಟಿಲ್ಲರು ಇಟ್ಟುಕೊಂಡಿರುವ ನಿಮಗೆ ಷಾಫ್ಟಿನ ಕೆಲಸ ಇನ್ನೂ ತಪ್ಪಿಲ್ಲ.

ಜೋಡಿಸಿದ ಮೇಲೆ ಕೂಡಲೇ ಚಾಲೂ ಮಾಡಬೇಡಿ. ಬೇರಿಂಗಿಗೆಲ್ಲಾ ಎಣ್ಣೆ ಸವರಿದ್ದೀರೋ ನೋಡಿ, ಚಕ್ರವನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿ. ಎಲ್ಲಿಯಾದರೂ ಹಿಡಿದರೆ ಮತ್ತೆ ಬಿಚ್ಚಿ. ಮೊದಲ ಕೆಲವು ಗಂಟೆ ಹಗುರ ಕೆಲಸ ಕೊಟ್ಟು ಓಡಿಸಿ, ಆ ಎಣ್ಣೆಯನ್ನು ಬಿಸಿಯಿರುವಾಗಲೇ ಬಸಿದು ಹೊಸದನ್ನು ತುಂಬಿರಿ.